ಬಂಜೆ ಎಂಬ ಶಬ್ದವೂ ಎಂಡೊಮೆಟ್ರಿಯೋಸಿಸ್ ಎಂಬ ರೋಗವೂ

1. ಪೀಠಿಕೆ

ರಾಯಚೂರು ಜಿಲ್ಲೆಯ ಊರುಗಳಲ್ಲಿ ಮುತ್ತೈದೆಯರಿಗೆ ಉಡಿ ತುಂಬುವ ಆಚಾರವು ಎಲ್ಲರಿಗೂ ಪರಿಚಿತವಾದುದು. ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಕೆಗಳನ್ನು ಸೆರಗಿಗೆ ಹಾಕಿ ಹರಸುವ ಈ ಸಂಪ್ರದಾಯದ ಹಿಂದೆ ಸಂತಾನದ ಹಾರೈಕೆಯಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂತಹ ದಿನಗಳಲ್ಲಿ, ಮದುವೆಯಾಗಿ ಹಲವು ವರ್ಷ ಕಳೆದರೂ ಮಕ್ಕಳಾಗದ ಹೆಣ್ಣುಮಗಳೊಬ್ಬಳು ಒಳಕೋಣೆಯ ಬಾಗಿಲಲ್ಲಿ ನಿಂತಿರುವುದನ್ನೂ ನಾವು ಕಂಡಿದ್ದೇವೆ. ಆಕೆಯನ್ನು ಯಾರೂ ಹೊರಗೆ ಹೋಗೆನ್ನುವುದಿಲ್ಲ. ಮುಂದೆ ಬಾ ಎಂದು ಕರೆಯುವವರೂ ಕಡಿಮೆ. ಆಕೆಗೆ ನಮ್ಮ ಭಾಷೆಯು ಒಂದು ಹೆಸರನ್ನು ಕೊಟ್ಟಿದೆ. ‘ವಂಧ್ಯಾ’ ಎಂಬ ಸಂಸ್ಕೃತ ಶಬ್ದದ ತದ್ಭವವಾದ ‘ಬಂಜೆ’ ಎಂಬುದೇ ಆ ಹೆಸರು. ಈ ಶಬ್ದವು ಫಲವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಮಾತ್ರವಲ್ಲ, ಒಮ್ಮೆ ನುಡಿದ ಮೇಲೆ ವಿಚಾರಣೆಯೇ ಮುಗಿಯಿತೆಂಬ ಭಾವನೆಯನ್ನು ಕೇಳಿದವರಲ್ಲಿ ಹುಟ್ಟಿಸುತ್ತದೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ವೈದ್ಯಶಾಸ್ತ್ರದ ವಿಷಯವೇಕೆಂದು ವಾಚಕರು ಕೇಳಬಹುದು. ಇದಕ್ಕೆ ನಮ್ಮ ಹಾಜರಿ ಪುಸ್ತಕವೇ ಕಾರಣ. ದೇವದುರ್ಗ, ಮಾನ್ವಿಗಳ ಕಡೆಯಿಂದ ಬಸ್ಸಿನಲ್ಲಿ ಬಂದು ಓದುವ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಪ್ರತಿ ತಿಂಗಳೂ ಮೂರು ನಾಲ್ಕು ದಿನ ತರಗತಿಗೆ ಬರುತ್ತಿರಲಿಲ್ಲ. ನಾವು ಗೈರುಹಾಜರಿಯ ಗುರುತನ್ನು ಹಾಕುತ್ತ ಹೋದೆವು. ಒಮ್ಮೆ ಎಲ್ಲರೆದುರಿಗೆ ಗದರಿಸಿದ್ದೂ ಉಂಟು. ವರ್ಷದ ಕೊನೆಗೆ ಮಹಿಳಾ ಸಹೋದ್ಯೋಗಿಯೊಬ್ಬರು ವಿಚಾರಿಸಿದಾಗ ಆಕೆ ಹೇಳಿದಳಂತೆ: “ಹೊರಗಾದಾಗ ಹೊಟ್ಟಿನೋವು ಎಲ್ಲಾರಿಗೂ ಬರತೈತ್ರಿ ಮೇಡಂ, ನನಗ ಜರಾ ಜಾಸ್ತಿ, ಅಷ್ಟ ರೀ.” ಆ ವಿದ್ಯಾರ್ಥಿನಿಗೆ ಪ್ರಕೃತ ರೋಗವಿತ್ತೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಕಾರಣವನ್ನು ಕೇಳದೆ ಫಲವನ್ನು ಮಾತ್ರ ಬರೆದುಕೊಂಡ ದಾಖಲೆಯೊಂದನ್ನು ನಮ್ಮ ಕೈಯಿಂದಲೇ ನಿರ್ಮಿಸಿದೆವೆಂಬುದು ಆಗ ಮನಸ್ಸಿಗೆ ತಟ್ಟಿತು. ಆ ತಪ್ಪಿನಿಂದ ಹುಟ್ಟಿದ ಓದಿನ ಫಲವೇ ಈ ಲೇಖನ.

2. ದಾಖಲೆಗಳಲ್ಲಿ ಮಕ್ಕಳಿಲ್ಲದವರು

ನಮ್ಮ ಪ್ರಾಚೀನ ದಾಖಲೆಗಳಲ್ಲಿ ಸಂತಾನಹೀನತೆಯ ಪ್ರಸ್ತಾಪ ವಿರಳವೇನಲ್ಲ. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಮಕ್ಕಳಿಲ್ಲದೆ ಸತ್ತವರ ಸ್ವತ್ತು ಯಾರಿಗೆ ಸೇರತಕ್ಕದ್ದೆಂಬ ಕಟ್ಟಳೆಗಳು ದೊರೆಯುತ್ತವೆ. ‘ಅಪುತ್ರಿಕ’ ಎಂಬ ಪರಿಭಾಷೆಯೇ ಅದಕ್ಕೆ ಬಳಕೆಯಲ್ಲಿತ್ತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ಗ್ರಂಥದಲ್ಲಿ, ದಾಯಾದಿಗಳಿಂದ ವಿಭಕ್ತನಾಗಿ ಪುತ್ರರಿಲ್ಲದೆ ಮೃತನಾದವನ ಆಸ್ತಿಗೆ ಪತ್ನಿಯೇ ಹಕ್ಕುಳ್ಳವಳೆಂದು ನಿರ್ಣಯಿಸಿದನು. ವಿಧವೆಯ ಪಾಲಿಗೆ ಇದು ದೊಡ್ಡ ಆಸರೆ. ಆದರೆ ಮನುಸ್ಮೃತಿಯು ಬಂಜೆಯಾದ ಹೆಂಡತಿಯನ್ನು ಬದಿಗಿರಿಸಿ ಎಂಟನೆಯ ವರ್ಷದಲ್ಲಿ ಇನ್ನೊಂದು ಮದುವೆಯಾಗಬಹುದೆಂದು ವಿಧಿಸುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯು ದ್ವಿಪತ್ನೀತ್ವವನ್ನು ನಿಷೇಧಿಸುವವರೆಗೂ ಈ ವಿಧಿಯ ನೆರಳು ಕುಟುಂಬಗಳ ಮೇಲೆ ಬಿದ್ದೇ ಇತ್ತು.

ಇವೆಲ್ಲವೂ ಸ್ವತ್ತಿನ ಮತ್ತು ವಂಶದ ಲೆಕ್ಕಗಳು. ಹೆಣ್ಣಿನ ದೇಹದಲ್ಲಿ ಏನು ನಡೆಯಿತೆಂಬ ಪ್ರಶ್ನೆಯನ್ನು ಎತ್ತಿದವರು ವೈದ್ಯರು. ಚರಕ, ಸುಶ್ರುತ ಸಂಹಿತೆಗಳು ‘ಯೋನಿವ್ಯಾಪತ್’ ಎಂಬ ಹೆಸರಿನಲ್ಲಿ ಇಪ್ಪತ್ತು ಬಗೆಯ ಸ್ತ್ರೀರೋಗಗಳನ್ನು ಎಣಿಸುತ್ತವೆ. ಅವುಗಳಲ್ಲಿ ಉದಾವರ್ತಾ ಎಂಬುದರ ಮುಖ್ಯ ಲಕ್ಷಣವು ಋತುಕಾಲದ ತೀವ್ರ ವೇದನೆ. ಸುಶ್ರುತನ ಪಟ್ಟಿಯಲ್ಲಿ ವಂಧ್ಯಾ ಎಂಬುದೂ ಒಂದು ವ್ಯಾಧಿಯೇ. ಅಂದರೆ ಶಾಪವೆಂದೋ ಕರ್ಮವೆಂದೋ ಬಿಡದೆ, ವೇದನೆಯನ್ನೂ ಸಂತಾನಹೀನತೆಯನ್ನೂ ವೈದ್ಯರು ರೋಗಗಳ ಸಾಲಿನಲ್ಲಿ ನಿಲ್ಲಿಸಿದ್ದರು. ಉದಾವರ್ತಾ ಎಂದರೆ ಇಂದಿನ ಎಂಡೊಮೆಟ್ರಿಯೋಸಿಸ್ಸೇ ಎಂದು ಸಮೀಕರಿಸುವುದು ಮಾತ್ರ ಇತಿಹಾಸದ ಶಿಸ್ತಿಗೆ ಒಪ್ಪುವ ಮಾತಲ್ಲ. ಮುಟ್ಟಿನ ನೋವಿಗೆ ಕಾರಣಗಳು ಅನೇಕ. ಒಳಗಿನ ಅಂಗಾಂಶವನ್ನು ಕಾಣದೆ ಅವುಗಳನ್ನು ಬೇರ್ಪಡಿಸಲು ಅಂದು ಸಾಧ್ಯವಿರಲಿಲ್ಲ.

3. ರೋಗದ ಶೋಧ

ಒಳಗನ್ನು ಕಾಣುವ ವಿದ್ಯೆಯು ನಿಧಾನವಾಗಿ ಬೆಳೆಯಿತು. 1672ರಲ್ಲಿ ಡಚ್ ವೈದ್ಯ ರೈನಿಯರ್ ಡಿ ಗ್ರಾಫ್ ಅಂಡಾಶಯದಲ್ಲಿನ ಸಣ್ಣ ನೀರ್ಚೀಲಗಳನ್ನು ವರ್ಣಿಸಿದನು. ಆ ಚೀಲಗಳೇ ಅಂಡಗಳೆಂದು ಆತ ತಿಳಿದಿದ್ದನು. ಚೀಲದೊಳಗಿರುವ ನಿಜವಾದ ಅಂಡವನ್ನು ಸ್ತನಿಪ್ರಾಣಿಗಳಲ್ಲಿ ಮೊದಲು ಕಂಡವನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್. ಅದು 1827ರ ಮಾತು. ಗರ್ಭಕೋಶದ ಒಳಪದರದಂತಹ ಅಂಗಾಂಶವು ಅದರ ಸ್ಥಾನದಿಂದ ಆಚೆಗೂ ಕಾಣಸಿಗುತ್ತದೆಂಬುದನ್ನು 1860ರಲ್ಲಿ ವಿಯೆನ್ನಾ ನಗರದ ಕಾರ್ಲ್ ಫಾನ್ ರೊಕಿಟಾನ್ಸ್ಕಿ ಮೊದಲು ವರ್ಣಿಸಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ.

ರೋಗಕ್ಕೂ ಅಂಡಾಶಯಕ್ಕೂ ಇರುವ ನಂಟನ್ನು ಸ್ಪಷ್ಟಪಡಿಸಿದವನು ಅಮೆರಿಕೆಯ ಆಲ್ಬನಿ ನಗರದ ಶಸ್ತ್ರವೈದ್ಯ ಜಾನ್ ಸ್ಯಾಂಪ್ಸನ್. ಅಂಡಾಶಯದಲ್ಲಿ ಬೆಳೆಯುವ, ಹಳೆಯ ರಕ್ತದಿಂದ ತುಂಬಿ ಕಂದುಬಣ್ಣಕ್ಕೆ ತಿರುಗಿದ ಗಂಟುಗಳನ್ನು 1921ರಲ್ಲಿ ಆತ ವಿವರಿಸಿದನು. ಚಾಕೊಲೇಟ್ ಗಂಟುಗಳೆಂಬ ಹೆಸರು ಇಂದಿಗೂ ರೂಢಿಯಲ್ಲಿದೆ. ಮುಟ್ಟಿನ ರಕ್ತದ ಸ್ವಲ್ಪ ಭಾಗವು ಹೊರಕ್ಕೆ ಹರಿಯದೆ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಉದರದೊಳಕ್ಕೆ ಸಾಗಿ, ಅದರೊಡನೆ ಬಂದ ಒಳಪದರದ ಕೋಶಗಳು ಅಲ್ಲಿ ನೆಲೆಯೂರುತ್ತವೆಂಬ ವಾದವನ್ನು 1927ರಲ್ಲಿ ಆತ ಪೂರ್ಣವಾಗಿ ಮಂಡಿಸಿದನು. ಈ ವಾದಕ್ಕೆ ಬಲವಾದ ಆಧಾರಗಳಿವೆ. ಒಂದು ತೊಡಕೂ ಇದೆ. ಹಿಮ್ಮುಖ ಸ್ರಾವವು ಸುಮಾರು ನೂರಕ್ಕೆ 90 ಮಂದಿ ಸ್ತ್ರೀಯರಲ್ಲಿ ನಡೆಯುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ರೋಗವಾದರೋ ನೂರಕ್ಕೆ ಸುಮಾರು 10 ಮಂದಿಯಲ್ಲಿ ಮಾತ್ರ. ಆದುದರಿಂದ ಬೀಜ ಬಿದ್ದರಷ್ಟೇ ಸಾಲದು, ನೆಲವೂ ಅನುಕೂಲಿಸಬೇಕು. ದೇಹದ ರಕ್ಷಣಾ ವ್ಯವಸ್ಥೆಯು ಈ ಅಲೆಮಾರಿ ಕೋಶಗಳನ್ನು ತೊಡೆದುಹಾಕದಿರುವುದು, ವಂಶಪಾರಂಪರ್ಯವಾಗಿ ಬಂದ ಒಲವು, ಹಾರ್ಮೋನುಗಳ ಏರಿಳಿತ ಇವೆಲ್ಲ ಕೂಡಿ ರೋಗವನ್ನು ಹುಟ್ಟಿಸುತ್ತವೆಂಬುದು ಇಂದಿನ ವಿದ್ವಾಂಸರ ಮತ.

4. ಅಂಡಾಶಯವೆಂಬ ಹಗೇವು

ರೋಗವು ಅಂಡಾಶಯಕ್ಕೆ ಏನು ಮಾಡುತ್ತದೆಂಬುದನ್ನು ತಿಳಿಯಲು, ಮೊದಲು ಅಂಡಾಶಯದ ವ್ಯವಸ್ಥೆಯನ್ನು ಅರಿಯಬೇಕು. ನಮ್ಮ ಭಾಗದ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಂಡಾಶಯವು ಅಂತಹದೊಂದು ಹಗೇವು. ವ್ಯತ್ಯಾಸವೆಂದರೆ, ಇದನ್ನು ತುಂಬುವುದು ಒಮ್ಮೆ ಮಾತ್ರ. ಹೆಣ್ಣುಕೂಸು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10 ಲಕ್ಷದಿಂದ 20 ಲಕ್ಷದವರೆಗೆ ಅಪಕ್ವ ಅಂಡಗಳಿರುತ್ತವೆ. ಮೈನೆರೆಯುವ ವೇಳೆಗೆ 3 ಲಕ್ಷದಿಂದ 4 ಲಕ್ಷದಷ್ಟು ಉಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುವು ಸುಮಾರು 400 ಮಾತ್ರ. ಉಳಿದವು ತಾವಾಗಿಯೇ ಕ್ಷಯಿಸುತ್ತವೆ.

ಪ್ರತಿಯೊಂದು ಅಂಡವೂ ಒಂದು ಪುಟ್ಟ ಚೀಲದಲ್ಲಿರುತ್ತದೆ. ಇದನ್ನು ಪುಟಕವೆಂದು ಕರೆಯೋಣ. ಪುಟಕದೊಳಗೆ ಅಂಡವನ್ನು ಸುತ್ತುವರಿದ ಕೋಶಗಳಿಗೆ ಗ್ರಾನ್ಯುಲೋಸಾ ಕೋಶಗಳೆಂದು ಹೆಸರು. ಬಾಣಂತಿಯನ್ನು ಮನೆಯ ಹಿರಿಯ ಹೆಂಗಸರು ಉಪಚರಿಸುವಂತೆ ಇವು ಅಂಡವನ್ನು ಉಪಚರಿಸುತ್ತವೆ: ಆಹಾರವನ್ನು ಒದಗಿಸುತ್ತವೆ, ಈಸ್ಟ್ರೊಜೆನ್ ಹಾರ್ಮೋನನ್ನು ತಯಾರಿಸುತ್ತವೆ, ಅಂಡವು ಪಕ್ವವಾಗಲು ಬೇಕಾದ ಸಂಕೇತಗಳನ್ನು ಕೊಡುತ್ತವೆ. ಸಣ್ಣ ಪುಟಕಗಳಲ್ಲಿನ ಇದೇ ಕೋಶಗಳು ಎ.ಎಂ.ಎಚ್. ಎಂಬ ಇನ್ನೊಂದು ಹಾರ್ಮೋನನ್ನೂ ಸ್ರವಿಸುತ್ತವೆ. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆದು, ಹಗೇವಿನಲ್ಲಿ ಎಷ್ಟು ಉಳಿದಿದೆಯೆಂಬುದನ್ನು ವೈದ್ಯರು ಅಂದಾಜು ಮಾಡುತ್ತಾರೆ. ಅದು ಸಂಖ್ಯೆಯ ಅಂದಾಜೇ ಹೊರತು, ಗರ್ಭ ನಿಲ್ಲುವುದೋ ಇಲ್ಲವೋ ಎಂಬುದರ ಭವಿಷ್ಯವಲ್ಲ.

5. ರೋಗದ ಕಾರ್ಯ

ಸ್ಥಳ ತಪ್ಪಿ ನೆಲೆಯೂರಿದ ಅಂಗಾಂಶವು ತನ್ನ ಮೂಲಸ್ವಭಾವವನ್ನು ಬಿಡುವುದಿಲ್ಲ. ಗರ್ಭಕೋಶದ ಒಳಪದರವು ತಿಂಗಳಿಗೊಮ್ಮೆ ಬೆಳೆದು ಕಳಚಿ ರಕ್ತವಾಗಿ ಹರಿಯುವಂತೆ, ಇದೂ ಹಾರ್ಮೋನುಗಳ ಆಜ್ಞೆಗೆ ಒಳಪಟ್ಟು ರಕ್ತಸ್ರಾವ ಮಾಡುತ್ತದೆ. ಆದರೆ ಅದಕ್ಕೆ ಹೊರದಾರಿಯಿಲ್ಲ. ಅಂಡಾಶಯದಲ್ಲಿ ಹೀಗೆ ತಿಂಗಳು ತಿಂಗಳೂ ಕೂಡಿದ ಹಳೆಯ ರಕ್ತವೇ ಸ್ಯಾಂಪ್ಸನ್ ಕಂಡ ಗಂಟು. ಅದರಿಂದಾಗುವ ಹಾನಿಯನ್ನು ನಾಲ್ಕು ಬಗೆಯಾಗಿ ವಿವರಿಸಬಹುದು.

ಮೊದಲನೆಯದು ಕಬ್ಬಿಣದ ಹಾನಿ. ರಕ್ತಕ್ಕೆ ಕೆಂಪುಬಣ್ಣ ಕೊಡುವ ವಸ್ತುವಿನಲ್ಲಿ ಕಬ್ಬಿಣವಿದೆಯಷ್ಟೆ. ಗಂಟಿನಲ್ಲಿ ರಕ್ತವು ಕೊಳೆತಂತೆ ಆ ಕಬ್ಬಿಣವು ಬಿಡುಗಡೆಯಾಗಿ, ಆಮ್ಲಜನಕದ ಅತಿ ಚಟುವಟಿಕೆಯ ಅಣುಗಳನ್ನು ಹುಟ್ಟಿಸುತ್ತದೆ. ಇವು ಸುತ್ತಣ ಕೋಶಗಳ ಪೊರೆಗಳನ್ನೂ, ಅವುಗಳಿಗೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳನ್ನೂ, ವಂಶವಾಹಿ ದ್ರವ್ಯವನ್ನೂ ಘಾಸಿಗೊಳಿಸುತ್ತವೆ. ಹಗೇವಿನೊಳಕ್ಕೆ ನೀರು ಇಳಿದರೆ ಗೋಡೆಗೆ ಹತ್ತಿದ ಕಾಳು ಮೊದಲು ಕೆಡುವಂತೆ, ಗಂಟಿಗೆ ತಾಗಿದ ಅಂಗಾಂಶದಲ್ಲಿ ಪುಟಕಗಳು ವಿರಳವಾಗಿ, ಅವುಗಳ ಸ್ಥಾನದಲ್ಲಿ ನಾರಿನಂತಹ ಗಟ್ಟಿ ಅಂಗಾಂಶವು ಬೆಳೆದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದಾಗಿದೆ.

ಎರಡನೆಯದು ಉರಿಯೂತದ ಹಾನಿ. ದೇಹವು ಈ ಅಂಗಾಂಶವನ್ನು ಎದುರಿಸಲು ಸ್ರವಿಸುವ ರಾಸಾಯನಿಕಗಳು ಉದರದ ದ್ರವದಲ್ಲಿಯೂ ಪುಟಕದೊಳಗಿನ ದ್ರವದಲ್ಲಿಯೂ ಹೆಚ್ಚುತ್ತವೆ. ಅದರ ಪರಿಣಾಮವಾಗಿ ಗ್ರಾನ್ಯುಲೋಸಾ ಕೋಶಗಳು ಅಕಾಲದಲ್ಲಿ ಸಾಯುವುದು ಅಧಿಕವಾಗುತ್ತದೆ. ಬದುಕುಳಿದವುಗಳ ಹಾರ್ಮೋನು ತಯಾರಿಕೆಯಲ್ಲಿಯೂ ಏರುಪೇರುಂಟಾಗುತ್ತದೆ. ಉಪಚರಿಸುವವರೇ ದುರ್ಬಲರಾದಾಗ ಅಂಡವು ಸರಿಯಾಗಿ ಪಕ್ವವಾಗುವುದು ಕಷ್ಟ. ಈ ಉಪದ್ರವದ ನಡುವೆ, ನಿದ್ರಿಸುತ್ತಿರಬೇಕಾದ ಎಳೆಯ ಪುಟಕಗಳು ಕಾಲಕ್ಕೆ ಮುಂಚೆ ಎಚ್ಚೆತ್ತು ಬೆಳೆಯತೊಡಗಿ ವ್ಯರ್ಥವಾಗಿ ಕ್ಷಯಿಸುತ್ತವೆಂದೂ, ಹೀಗಾಗಿ ದಾಸ್ತಾನು ಬೇಗ ಕರಗುತ್ತದೆಂದೂ ಕೆಲವು ಸಂಶೋಧಕರು ವಾದಿಸುತ್ತಾರೆ.

ಮೂರನೆಯದು ಅಂಟಿನ ಹಾನಿ. ಉರಿಯೂತವು ಮಾಯುವಾಗ ಹುಟ್ಟುವ ನಾರುಗಳು ಅಂಡಾಶಯ, ಅಂಡನಾಳ, ಕರುಳುಗಳನ್ನು ಒಂದಕ್ಕೊಂದು ಅಂಟಿಸಿಬಿಡಬಹುದು. ಅಂಡವು ಹೊರಬಿದ್ದರೂ ನಾಳವು ಅದನ್ನು ಎತ್ತಿಕೊಳ್ಳಲಾರದೆ ಹೋಗುತ್ತದೆ.

ನಾಲ್ಕನೆಯದು ಗರ್ಭಕೋಶಕ್ಕೆ ಸಂಬಂಧಪಟ್ಟದ್ದು. ಗರ್ಭವನ್ನು ಸ್ವೀಕರಿಸಲು ಒಳಪದರವು ಪ್ರೊಜೆಸ್ಟರಾನ್ ಹಾರ್ಮೋನಿನ ಆದೇಶದಂತೆ ಸಿದ್ಧವಾಗಬೇಕು. ಈ ರೋಗವಿದ್ದವರಲ್ಲಿ ಒಳಪದರವು ಆ ಆದೇಶಕ್ಕೆ ಸಾಕಷ್ಟು ಓಗೊಡದಿರುವುದುಂಟು.

ಇಷ್ಟನ್ನು ಓದಿ ಯಾರೂ ಭಯಪಡಬೇಕಾಗಿಲ್ಲ. ರೋಗವಿದ್ದವರಲ್ಲಿ ನೂರಕ್ಕೆ 30ರಿಂದ 50 ಮಂದಿಗೆ ಗರ್ಭಧಾರಣೆಯಲ್ಲಿ ತೊಂದರೆಯಾಗಬಹುದೆಂದು ಹೇಳುತ್ತಾರೆ. ಅಂದರೆ ಉಳಿದ ಅನೇಕರು ಚಿಕಿತ್ಸೆಯಿಲ್ಲದೆಯೂ ತಾಯಂದಿರಾಗುತ್ತಾರೆ. ತೊಂದರೆಯೆಂದರೆ ಅಸಾಧ್ಯತೆಯೆಂದೇ ಅರ್ಥವಲ್ಲ. ನೋವಿನ ತೀವ್ರತೆಗೂ ರೋಗದ ವ್ಯಾಪ್ತಿಗೂ ನೇರ ಅನುಪಾತವಿಲ್ಲ: ಅಲ್ಪ ರೋಗವಿದ್ದವರಿಗೆ ಅಸಾಧ್ಯ ನೋವಿರಬಹುದು, ದೊಡ್ಡ ಗಂಟಿದ್ದವರಿಗೆ ನೋವೇ ಇಲ್ಲದಿರಬಹುದು.

6. ನಿದಾನ ಮತ್ತು ಚಿಕಿತ್ಸೆ

ದಿನಗೆಲಸವನ್ನೇ ನಿಲ್ಲಿಸುವಂತಹ ಮುಟ್ಟಿನ ನೋವು, ಮುಟ್ಟಿಲ್ಲದಾಗಲೂ ಕಿಬ್ಬೊಟ್ಟೆಯ ನೋವು, ದಂಪತಿಗಳ ಸಮಾಗಮದಲ್ಲಿ ನೋವು, ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜನೆಯ ವೇಳೆ ನೋವು — ಇವು ಮುಖ್ಯ ಲಕ್ಷಣಗಳು. ಹಿಂದೆ ಉದರದರ್ಶಕವನ್ನು ಒಳತೂರಿಸಿ ನೋಡಿದ ಹೊರತು ರೋಗವನ್ನು ನಿರ್ಣಯಿಸುವಂತಿಲ್ಲವೆಂಬ ನಿಯಮವಿತ್ತು. 2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘವು ಪ್ರಕಟಿಸಿದ ಮಾರ್ಗದರ್ಶಿಯು ಆ ನಿಯಮವನ್ನು ಸಡಿಲಿಸಿತು. ಲಕ್ಷಣಗಳನ್ನೂ ಸ್ಕ್ಯಾನಿಂಗ್ ಚಿತ್ರಗಳನ್ನೂ ಆಧರಿಸಿ ಚಿಕಿತ್ಸೆಯನ್ನು ಪ್ರಾರಂಭಿಸಬಹುದು. ಅಂಡಾಶಯದ ಗಂಟು ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿಯೇ ಕಾಣುತ್ತದೆ. ಸಣ್ಣ ಕಲೆಗಳಂತಿರುವ ರೋಗವು ಕಾಣದಿರಬಹುದು. ಆದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ರೋಗವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವ ಔಷಧವಿಲ್ಲ. ಹಾರ್ಮೋನು ಗುಳಿಗೆಗಳು ನೋವನ್ನು ತಗ್ಗಿಸುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಸೇವಿಸುತ್ತಿರುವವರೆಗೆ ಗರ್ಭವನ್ನೂ ತಡೆಯುತ್ತವೆ. ಆದಕಾರಣ ಸಂತಾನವನ್ನು ಈಗಲೇ ಬಯಸುವವರಿಗೂ, ನೋವಿನ ಉಪಶಮನವನ್ನು ಮಾತ್ರ ಬಯಸುವವರಿಗೂ ಚಿಕಿತ್ಸೆ ಬೇರೆಬೇರೆ. ಸೌಮ್ಯ ರೋಗದಲ್ಲಿ ಉದರದರ್ಶಕ ಶಸ್ತ್ರಚಿಕಿತ್ಸೆಯಿಂದ ಗರ್ಭಧಾರಣೆಯ ಸಂಭವ ಹೆಚ್ಚುತ್ತದೆ. ಅಂಡಾಶಯದ ಗಂಟನ್ನು ತೆಗೆಯುವಾಗ ಮಾತ್ರ ಎಚ್ಚರ ಬೇಕು: ಗಂಟಿನ ಪೊರೆಯೊಡನೆ ಆರೋಗ್ಯವಂತ ಪುಟಕಗಳೂ ಕಿತ್ತುಬಂದು ದಾಸ್ತಾನು ಮತ್ತಷ್ಟು ಕುಗ್ಗುವುದುಂಟು. ಶಸ್ತ್ರಚಿಕಿತ್ಸೆಗೆ ಮುಂಚೆ ಎ.ಎಂ.ಎಚ್. ಪರೀಕ್ಷೆಯನ್ನು ಮಾಡಿಸಿ, ಮುಂದೆ ಮಕ್ಕಳಾಗುವ ಬಯಕೆಯನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸುವುದು ಹಿತಕರ.

ಕೊನೆಯದು ದೇಹದ ಹೊರಗೆ ಅಂಡವನ್ನೂ ವೀರ್ಯಾಣುವನ್ನೂ ಕೂಡಿಸುವ ವಿಧಾನ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಈ ವಿಧಾನದಿಂದ ಮೊದಲ ಶಿಶು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದಲ್ಲಿಯೂ ಒಂದು ಶಿಶು ಹುಟ್ಟಿತು. ಸರಕಾರ ನೇಮಿಸಿದ ಸಮಿತಿ ಅವರ ಸಾಧನೆಯನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮನ್ನಣೆ ಬಂದದ್ದು ಅವರ ಮರಣಾನಂತರ. ಇಂದು ಇಂತಹ ಚಿಕಿತ್ಸಾಲಯಗಳು 2021ರ ಕಾಯಿದೆಯ ಪ್ರಕಾರ ನೋಂದಣಿಯಾಗಿರತಕ್ಕದ್ದು. ಖರ್ಚು ಅಧಿಕವಾದುದರಿಂದ, ಹೊಲ ಮಾರಿ ಹೋಗುವ ಮುನ್ನ ನೋಂದಣಿಯನ್ನು ವಿಚಾರಿಸುವುದು ಒಳಿತು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯಪರೀಕ್ಷೆಯು ಸುಲಭ ಮತ್ತು ಅಗ್ಗ. ಹೆಣ್ಣಿಗೆ ಶಸ್ತ್ರಚಿಕಿತ್ಸೆಯಾದರೂ ಗಂಡನ ಪರೀಕ್ಷೆ ಆಗಿಲ್ಲದ ಉದಾಹರಣೆಗಳನ್ನು ನಾವು ಕೇಳಿದ್ದೇವೆ. ‘ಬಂಜೆ’ಗೆ ಆಡುಮಾತಿನಲ್ಲಿ ಅಷ್ಟೇ ಬಳಕೆಯ ಪುಲ್ಲಿಂಗ ರೂಪವಿಲ್ಲದಿರುವುದೂ ಇದಕ್ಕೊಂದು ಕಾರಣವಿರಬಹುದು. ಇದಲ್ಲದೆ ನಮ್ಮ ದೇಶದಲ್ಲಿ ಜನನಾಂಗದ ಕ್ಷಯರೋಗವೂ ಬಂಜೆತನದ ಒಂದು ಮುಖ್ಯ ಕಾರಣ. ಅದರ ಚಿಕಿತ್ಸೆಯೇ ಬೇರೆ. ಆದುದರಿಂದ ಪರೀಕ್ಷೆಯಿಲ್ಲದ ಊಹೆಯಿಂದ ಪ್ರಯೋಜನವಿಲ್ಲ.

7. ನಮ್ಮ ಸೀಮೆಯಲ್ಲಿ ವಿಳಂಬ

ನೋವು ಕಾಣಿಸಿಕೊಂಡ ದಿನಕ್ಕೂ ರೋಗದ ಹೆಸರು ತಿಳಿದ ದಿನಕ್ಕೂ ನಡುವೆ 4ರಿಂದ 12 ವರ್ಷಗಳು ಕಳೆಯುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮೇಲೆ ಹೇಳಿದ ಹಗೇವಿನ ದೃಷ್ಟಾಂತವನ್ನು ನೆನೆದರೆ ಈ ವರ್ಷಗಳ ಬೆಲೆ ತಿಳಿಯುತ್ತದೆ. ಹದಿನಾರರಲ್ಲಿ ನೋವು, ಇಪ್ಪತ್ತರಲ್ಲಿ ಮದುವೆ, ಇಪ್ಪತ್ತಾರರಲ್ಲಿ ‘ಬಂಜೆ’ ಎಂಬ ಹೆಸರು, ಮೂವತ್ತರಲ್ಲಿ ಮೊದಲ ಸ್ಕ್ಯಾನಿಂಗ್ — ಇದು ಅಪರೂಪದ ಕ್ರಮವಲ್ಲ.

ರಾಯಚೂರು ಸೀಮೆಯಲ್ಲಿ ಈ ವಿಳಂಬಕ್ಕೆ ಚರಿತ್ರೆಯೂ ಕಾರಣ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಈ ಜಿಲ್ಲೆಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ವರ್ಗದಲ್ಲಿ ಎಣಿಸಿತು. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು ನಗರಕ್ಕೆ 50 ಕಿಲೋಮೀಟರಿನ ಆಸುಪಾಸು ದೂರ. ಹತ್ತಿ ಬಿಡಿಸುವ ಕೂಲಿಗೆ ಹೋಗುವವಳಿಗೆ, ಗುಳೆ ಹೋಗಿ ಬರುವವಳಿಗೆ ಅಷ್ಟು ದೂರವೆಂದರೆ ಒಂದು ದಿನದ ಕೂಲಿ. ಆ ಕೂಲಿಯನ್ನು ಬಿಡಲು, ನೋವು ನೋವೇ ಎಂದು ಮನೆಯವರು ಮೊದಲು ಒಪ್ಪಬೇಕು. ಒಪ್ಪದಿದ್ದರೆ ಮುಂದೆ ನಾಗರಕಟ್ಟೆಯ ಪ್ರದಕ್ಷಿಣೆ, ಹರಕೆ, ತಾಯಿತಗಳಲ್ಲಿ ವರ್ಷಗಳು ಸಾಗುತ್ತವೆ. ಹರಕೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಹರಕೆ ಹೊರುವ ದಿನವೇ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಿರೆಂದು ಹೇಳುತ್ತೇವೆ. ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗತಕ್ಕದ್ದು. ವಯಸ್ಸು 35 ದಾಟಿದ್ದರೆ ಆರು ತಿಂಗಳೇ ಸಾಕು. ಮುಟ್ಟಿನ ತೀವ್ರ ನೋವಿದ್ದರಂತೂ ಕಾಯಬೇಕಾದುದೇ ಇಲ್ಲ.

8. ಉಪಸಂಹಾರ

ಶಾಸನವು ‘ಅಪುತ್ರಿಕ’ ಎಂದು ಬರೆಯಿತು, ಮನೆಯವರು ‘ಬಂಜೆ’ ಎಂದರು, ನಾವು ‘ಗೈರುಹಾಜರು’ ಎಂದು ಬರೆದೆವು. ಮೂರೂ ಕಡೆ ಕಾರಣವು ದಾಖಲೆಯ ಹೊರಗೇ ಉಳಿಯಿತು. ಕಾರಣವು ಅಂಡಾಶಯದ ಕೋಶಗಳಲ್ಲಿ, ಕೊಳೆತ ರಕ್ತದ ಕಬ್ಬಿಣದಲ್ಲಿ, ಅಂಟಿಹೋದ ನಾಳದಲ್ಲಿ ಇರಬಹುದೆಂದು ಇಂದು ತಿಳಿದಿದೆ. ಅದನ್ನು ಹೊತ್ತಿಗೆ ಮುಂಚೆ ಸೂಚಿಸುವುದು ನೋವೇ. ತನ್ನ ನೋವು ಜಾಸ್ತಿಯೆಂದು ಹುಡುಗಿಯೊಬ್ಬಳು ಹೇಳಿದಾಗ, ಅದು ಈ ವಿಷಯದ ಮೊದಲ ಆಧಾರವೆಂದು ತಿಳಿದು ತಾಯಂದಿರೂ ಅಧ್ಯಾಪಕರೂ ವೈದ್ಯರೂ ಕಿವಿಗೊಡಬೇಕೆಂಬುದೇ ನಮ್ಮ ವಿಜ್ಞಾಪನೆ. ನಮ್ಮ ವಿಭಾಗದಲ್ಲಿ ಈಗ ಹಾಜರಿ ಪುಸ್ತಕದೊಡನೆ, ಮಹಿಳಾ ಸಹೋದ್ಯೋಗಿಯೊಬ್ಬರು ವಿದ್ಯಾರ್ಥಿನಿಯರನ್ನು ಪ್ರತ್ಯೇಕವಾಗಿ ವಿಚಾರಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಇದು ಸಣ್ಣ ಏರ್ಪಾಡು. ಇತರ ವಿಭಾಗಗಳವರೂ ಇದನ್ನು ಪರಿಶೀಲಿಸಬಹುದು.